ಈಸ್ಟರ್ ಸೋಮವಾರದ ಚಿಲಕ

ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬೆಂದು ಕೆಂಪಾದ ಮೊಟ್ಟೆಗಳನ್ನು ವ್ಲಾಸ್ತಾ ಹಂದಿಕೊಬ್ಬು ಸವರಿದ ಬಟ್ಟೆಯಿಂದ ಉಜ್ಜುತ್ತಿದ್ದಳು. ಆ ಹೊಳಪು ನಮ್ಮೂರಲ್ಲಿ ಇನ್ನಾರ ಕೈಗೂ ಬರುತ್ತಿರಲಿಲ್ಲ. ಅಂದು ಈಸ್ಟರ್ ಸೋಮವಾರ, ಹುಡುಗರು ಮನೆಮನೆಯ ಬಾಗಿಲಲ್ಲಿ ಹಾಡಿ ಬಣ್ಣದ ಮೊಟ್ಟೆ ಪಡೆಯುವ ದಿನ.

ತಮ್ಮ ಬೋಹುಮಿಲ್ ಮಲಗುವ ಕೋಣೆಯಿಂದ ಬಂದು ಬುಟ್ಟಿ ನೋಡಿದ.

"ಇಷ್ಟೊಂದು ಯಾರಿಗಕ್ಕಾ?"

"ಪಕ್ಕದ ಮನೆಗೆ ಹೊಸದಾಗಿ ಬಂದಿದಾರಲ್ಲ, ಆ ಹುಡುಗರಿಗೆ. 'ಸೋಮವಾರ ಹಾಡೋಕೆ ಬರ್ತೀವಜ್ಜಿ' ಅಂದ್ವು. ನಮ್ಮನೆ ಬಾಗಿಲಿಗೆ ಹಬ್ಬದ ಹುಡುಗರು ಬಂದು ಎಷ್ಟು ಕಾಲ ಆಯ್ತೋ."

ಎಷ್ಟು ಕಾಲ ಎಂದು ಇಬ್ಬರಿಗೂ ಗೊತ್ತಿತ್ತು. ಅಕಾರ್ಡಿಯನ್ ಕಲಿಯಲು ಬರುತ್ತಿದ್ದ ಹುಡುಗನನ್ನು ಬೋಹುಮಿಲ್ ಮುಟ್ಟಬಾರದ ಹಾಗೆ ಮುಟ್ಟಿದ್ದ. ಜೈಲು ಮುಗಿದರೂ ಕೋರ್ಟಿನ ಕಟ್ಟಳೆ ಮುಗಿದಿರಲಿಲ್ಲ. ಬ್ರ್ನೋ ಪಟ್ಟಣದ ಡಾಕ್ಟರಮ್ಮನ ಹತ್ತಿರ ಚಿಕಿತ್ಸೆ ತಪ್ಪಿಸುವಂತಿಲ್ಲ, ಮಕ್ಕಳ ಹತ್ತಿರ ಸುಳಿಯುವಂತಿಲ್ಲ. ತಪ್ಪಿದರೆ ಆಸ್ಪತ್ರೆಯ ಬೀಗದೊಳಗೆ. ಬಸ್ಸಿಗೆ ಹೊರಟಾಗಲೆಲ್ಲ ಅಕ್ಕ ಬ್ರೆಡ್ಡು ಕಟ್ಟಿ ಕೊಡುತ್ತಿದ್ದಳು, ಅಲ್ಲಿ ಏನು ಮಾತಾಡಿದೆ ಎಂದು ಮಾತ್ರ ಕೇಳುತ್ತಿರಲಿಲ್ಲ.

"ಬಾಗಿಲು ತೆಗೀಬೇಡ ಅಕ್ಕಾ."

"ನೀನು ಒಳಗೆ ಇರು ಮಾರಾಯ. ಬಾಗಿಲಲ್ಲೇ ಕೊಟ್ಟು ಕಳಿಸ್ತೀನಿ. ಒಂದು ಮೊಟ್ಟೆ ಕೊಟ್ಟರೆ ಏನಾಗಿಹೋಗತ್ತೆ?"

ಬೋಹುಮಿಲ್ ಕುರ್ಚಿ ಎಳೆದು ಕೂತ. ಹೇಳುವ ಮುಂಚೆ ಮೇಜಿನ ಅಂಚನ್ನು ಹಿಡಿದುಕೊಂಡ.

"ನಾನೂ ಹಾಗೇ ಶುರು ಮಾಡಿದ್ದು. ಮೊದಲು ಒಂದು ಸೇಬು ಕೊಟ್ಟೆ. ಆಮೇಲೆ ಚಾಕಲೇಟು. ಇದು ಒಳ್ಳೇ ಮನೆ ಅಂತ ಆ ಹುಡುಗನಿಗೆ ಅನಿಸೋ ಹಾಗೆ ಮಾಡಿದೆ. ಡಾಕ್ಟರಮ್ಮನ ಮುಂದೆ ಇದನ್ನ ಬಾಯಿಬಿಟ್ಟು ಹೇಳೋಕೆ ನನಗೆ ಒಂದು ಚಳಿಗಾಲವೇ ಬೇಕಾಯ್ತು. ಇವತ್ತು ನೀನು ಕೊಡ್ತೀಯ. ನಾಳೆ ನೀನು ಅಂಗಡಿಗೆ ಹೋದಾಗ ಅವು ಬಂದು ಬಾಗಿಲು ಬಡೀತವೆ."

"ನೀನು ಈಗ ಹಾಗಿಲ್ವಲ್ಲೋ."

"ಅದನ್ನ ನೀನೂ ನಂಬಬೇಡ, ನಾನೂ ನಂಬಲ್ಲ. ಆ ಹುಡುಗರ ಅಮ್ಮನಿಗೂ ನನ್ನ ವಿಷಯ ಗೊತ್ತಾಗ್ಬೇಕು."

ವ್ಲಾಸ್ತಾ ಬಟ್ಟೆಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು. ಬೀದಿಯಲ್ಲಿ ಹುಡುಗರ ಗದ್ದಲ ಕೇಳಿತು. ಬೋಹುಮಿಲ್ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ರೇಡಿಯೋ ಜೋರು ಮಾಡಿದ. ಅವಳು ಹೋಗಿ ಚಿಲಕ ಜಡಿದು, ಅದರ ಮೇಲೆ ಕೈಯಿಟ್ಟು ನಿಂತಳು.

ಹುಡುಗರು ಹಾಡಿದರು. ಬಾಗಿಲು ಬಡಿದರು. ಇನ್ನೊಮ್ಮೆ ಹಾಡಿದರು.

"ಒಳಗೇ ಇದಾಳೆ ಕಣೋ, ರೇಡಿಯೋ ಕೇಳ್ತಿದೆ," ಎಂದ ಒಬ್ಬ.

"ಜಿಪುಣ ಮುದುಕಿ. ಬನ್ರೋ," ಎಂದು ಇನ್ನೊಬ್ಬ ಹೊಸ್ತಿಲಿಗೆ ಒದ್ದ.

ಅವಳ ಕಿವಿ ಕೆಂಪಾಯಿತು. ಕೈ ಚಿಲಕದ ಮೇಲೇ ಇತ್ತು.

ಕಾಲ ಸಪ್ಪಳ ದೂರವಾದ ಮೇಲೆ ಅಡಿಗೆಮನೆಗೆ ಬಂದು ಕೂತು ಕೂಗಿದಳು: "ಬೋಹುಮಿಲ್, ಹೋದ್ವು. ಬಾ. ಉಪ್ಪು ತಗೊಂಡು ಬಾ."

ಅವನು ಬಂದು ಎದುರಿಗೆ ಕೂತ. ಬುಟ್ಟಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿದ್ದ ಮೊಟ್ಟೆಯನ್ನು ಆರಿಸಿ ಅವಳು ಮೇಜಿಗೆ ಕುಟ್ಟಿದಳು.

"ಸಂಜೆ ಹೋಗಿ ಅವರಮ್ಮನಿಗೆ ನಾನೇ ಹೇಳಿ ಬರ್ತೀನಿ. ಈಗ ತಿನ್ನು."

ಕೆಂಪು ಸಿಪ್ಪೆ ಚೂರುಚೂರಾಗಿ ಅವಳ ಮಡಿಲಿಗೆ ಬೀಳುತ್ತಿತ್ತು. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು, ಅಲ್ಲಿ ಹಾಡು ಶುರುವಾಯಿತು.