ಒಳ ಲಕೋಟೆ

ತೆಳ್ಳಗಿದೆ, ಹೆಬ್ಬೆರಳಿಗೆ ಮೊದಲು ಗೊತ್ತಾಗುತ್ತೆ, ಕಣ್ಣಿಗೆ ಆಮೇಲೆ, ಚುನಾವಣೆಯ ದಿನ ಬೆಳಗ್ಗೆ ಏಳರಿಂದ ಅಂಚೆಯಲ್ಲಿ ಬಂದ ನಾನೂರು ಮತದ ಲಕೋಟೆ ಸವರಿದ ಹೆಬ್ಬೆರಳು, ಒಳಗೆ ಇನ್ನೊಂದು ಲಕೋಟೆ ಇದ್ದರೆ ಒಂದು ಗಟ್ಟಿ, ಇಲ್ಲದಿದ್ದರೆ ಬರೀ ಮಡಿಸಿದ ಕಾಗದದ ಮೆತ್ತನೆ, ಇದು ಮೆತ್ತಗಿದೆ, ಒಳ ಲಕೋಟೆ ಇಲ್ಲದ ಬೆತ್ತಲೆ ಓಟು, ಇವತ್ತಿನ ಹತ್ತೊಂಬತ್ತನೇದು, ಯಾರಪ್ಪಾ ಈ ಪುಣ್ಯಾತ್ಮ, ಮತಪತ್ರವನ್ನ ಮೊದಲು ಒಳ ಲಕೋಟೆಗೆ ಹಾಕ್ರಪ್ಪಾ, ಆಮೇಲೆ ಹೊರ ಲಕೋಟೆಗೆ ಹಾಕಿ ಸಹಿ ಮಾಡಿ, ಇಲ್ಲದಿದ್ದರೆ ಓಟು ಎಣಿಸೋದಿಲ್ಲ ಅಂತ ಟೀವಿಯಲ್ಲಿ ಹೇಳಿಯಾಯಿತು, ಚರ್ಚಿನಲ್ಲಿ ಹೇಳಿಯಾಯಿತು, ಈ ಪೆನ್ಸಿಲ್ವೇನಿಯಾದ ಜನಕ್ಕೆ ಮಾತ್ರ ತಲೆಗೆ ಹೋಗಲ್ಲ — ಅಂದುಕೊಳ್ಳುತ್ತ ವರ್ನಾ ಲಕೋಟೆ ತಿರುಗಿಸಿದಳು, ಸಹಿ ಕಂಡಿತು, ಗೆರೆ ದಾಟಿ ಕೆಳಗಿಳಿಯೋ ಉದ್ದ ಬಾಲದ ಸಹಿ, ನಲವತ್ತೊಂದು ವರ್ಷದ ಹಿಂದೆ ಚರ್ಚಿನ ಪುಸ್ತಕದಲ್ಲಿ ತನ್ನ ಹೆಸರಿನ ಪಕ್ಕ ಬಿದ್ದ ಸಹಿ. ಎಮಿಲ್ ಹುಡಾಕ್. ಗಂಡ. ಅಷ್ಟರಲ್ಲಿ ಕಾಗದ ಜಾರಿತು, ಯಂತ್ರ ಆಗಲೇ ಲಕೋಟೆಯ ಬಾಯಿ ಕೊಯ್ದಿಟ್ಟಿತ್ತಲ್ಲ, ಜಾರಿ ಮೇಜಿಗೆ ಬಿದ್ದು ಮಡಿಕೆ ಸೆಟೆದು ತೆರೆದುಕೊಂಡಿತು, ನೋಡಬಾರದು, ಬೆಳಗ್ಗೆ ಕೈ ಎತ್ತಿ ಪ್ರಮಾಣ ಮಾಡಿದ್ದೀವಿ, ಯಾರ ಮತ ಕಂಡರೂ ಸಾಯೋವರೆಗೆ ಬಾಯಿ ಬಿಡೋದಿಲ್ಲ ಅಂತ, ಆದರೆ ಕಣ್ಣಿಗೆ ಆ ಮಾತು ಮುಟ್ಟೋದರೊಳಗೆ ಕಣ್ಣು ನೋಡಿಬಿಟ್ಟಿತ್ತು. ಅಂಗೈಯಿಂದ ಮುಚ್ಚಿದಳು.

ಕೆಳಗಿನ ಸಾಲುಗಳೆಲ್ಲ ಕೆಂಪಿನವರಿಗೆ, ರಿಪಬ್ಲಿಕನ್ನರಿಗೆ, ಅದು ಸರಿ, ಅದು ಎಮಿಲ್‌ನ ಓಟೇ, ಮೇಲಿನ ಸಾಲು, ಅಧ್ಯಕ್ಷರ ಸಾಲು ಮಾತ್ರ ನೀಲಿಗೆ, ಡೆಮೊಕ್ರಾಟರಿಗೆ, ಪುಟ್ಟ ಮೊಟ್ಟೆಯಾಕಾರದ ಮನೆಯೊಳಗೆ ಮಸಿ ಅಂಚು ದಾಟದ ಹಾಗೆ ತುಂಬಿದ್ದಾನೆ, ನಿಧಾನವಾಗಿ, ಕೈ ನಡುಗದ ಹಾಗೆ. ಎಮಿಲ್. ಅಂಗಳದಲ್ಲಿ ಕೆಂಪು ಬೋರ್ಡು ನೆಟ್ಟ ಎಮಿಲ್, ಗಾಳಿಗೆ ಬಿದ್ದರೆ ಕುಂಟುತ್ತ ಹೋಗಿ ಮತ್ತೆ ನೆಡೋ ಎಮಿಲ್, ನಾನು ಸರಿಯಾಗಿ ನೋಡಿದೆನಾ, ಮತ್ತೊಮ್ಮೆ ನೋಡಲಾ, ಬೇಡ, ಎದುರಿಗೆ ಗ್ವೆನ್ ಇದ್ದಾಳೆ. ಗ್ವೆನ್ ಪ್ರಾಸರ್ ಕೆಂಪಿನವಳು, ವರ್ನಾ ನೀಲಿಯವಳು, ಇಲ್ಲಿನ ಪದ್ಧತಿಯೇ ಹಾಗೆ, ಪ್ರತಿ ಮೇಜಿಗೂ ಒಬ್ಬ ರಿಪಬ್ಲಿಕನ್ ಒಬ್ಬ ಡೆಮೊಕ್ರಾಟ್, ಇವರ ಮೇಲೆ ಅವರ ಕಣ್ಣು ಅವರ ಮೇಲೆ ಇವರ ಕಣ್ಣು, ಇಬ್ಬರೂ ಇಪ್ಪತ್ತೆರಡು ವರ್ಷ ಹೈಸ್ಕೂಲಿನ ಅಡುಗೆಮನೆಯಲ್ಲಿ ಒಂದೇ ಒಲೆಯ ಮುಂದೆ ನಿಂತು ಬೆಂದವರು ಅಂತ ಕೋರ್ಟಿನ ಈ ನೆಲಮಾಳಿಗೆಯಲ್ಲಿ ಯಾರೂ ಕೇಳೋದಿಲ್ಲ. ಗ್ವೆನ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಏನೋ ಬರೀತಿದ್ದಾಳೆ, ನೋಡಿದಳಾ, ಕಾಗದ ಬಿದ್ದಾಗ ತಲೆ ಎತ್ತಿದ್ದಳಾ, ಗೊತ್ತಿಲ್ಲ, ಗ್ವೆನ್ ಮುಖದಲ್ಲಿ ಏನೂ ಗೊತ್ತಾಗೋದಿಲ್ಲ, ಸಾರು ಸೀದು ಹೋದಾಗಲೂ ಹೀಗೇ ಇರುತ್ತಿದ್ದಳು.

ಯಾಕೋ ಎಮಿಲ್, ಯಾಕೆ, ಒಂದು ಮಾತು ನನಗೆ ಹೇಳಬಾರದಿತ್ತಾ — ಯಾಕೆ ಅಂತ ಗೊತ್ತೇ ಇದೆಯಲ್ಲ, ಜನೀನ್, ಮಗಳು, ಎರಡು ವರ್ಷದ ಹಿಂದಿನ ಥ್ಯಾಂಕ್ಸ್‌ಗಿವಿಂಗ್ ಊಟ, ಟರ್ಕಿ ಕೊಯ್ಯೋ ಚಾಕು ಎಮಿಲ್ ಕೈಯಲ್ಲಿ, ಅಪ್ಪಾ ನೀನು ಆ ಕೆಂಪಿನವರಿಗೆ ಓಟು ಹಾಕೋದು ಅಂದ್ರೆ ನನ್ನ ಮುಖಕ್ಕೆ ಉಗಿಯೋದು ಅಷ್ಟೇ, ನನ್ನ ಮನೇಲಿ ಕೂತು ನನ್ನ ಓಟಿಗೆ ಲೆಕ್ಕ ಕೇಳ್ತೀಯೇನೇ, ಕೇಳ್ತೀನಿ, ಹಾಗಾದ್ರೆ ಬಾಗಿಲು ಅಲ್ಲಿದೆ, ಬಾಗಿಲು ತೋರಿಸಬಾರದಿತ್ತು, ಎಮಿಲ್, ಆ ಚಾಕು ಹಿಡಿದ ಕೈಯಲ್ಲೇ ತೋರಿಸಿದೆ, ಎರಡು ವರ್ಷದ ಮೊಮ್ಮಗಳು ಟೆಸ್‌ಗೆ ಕೋಟು ತೊಡಿಸೋವಾಗ ಜನೀನ್ ಕೈ ಗುಂಡಿ ಸಿಗದೆ ಒದ್ದಾಡ್ತಿತ್ತು, ಮಗು ಕುಂಬಳಕಾಯಿ ಪೈ ಬೇಕು ಅಂತ ಅಳ್ತಿತ್ತು, ಒಂದು ತುಂಡು ಕಟ್ಟಿ ಕೊಡೋಕೂ ನನಗೆ ತೋಚಲಿಲ್ಲ. ಟೆಸ್‌ಗೆ ಈಗ ನಾಲ್ಕು. ಆಗಸ್ಟಿನಲ್ಲಿ ಫೋನು, ಅಮ್ಮಾ ಈ ಸಲ ಅಧ್ಯಕ್ಷರ ಓಟು ಅವನು ಅವರಿಗೆ ಹಾಕಿಲ್ಲ ಅಂತ ಅವನ ಬಾಯಿಂದಲೇ ಕೇಳಬೇಕು, ಕೇಳಿದ್ರೆ ಹಬ್ಬಕ್ಕೆ ಬರ್ತೀನಿ, ಇಲ್ಲಾಂದ್ರೆ ಇಲ್ಲ, ಸುಮ್ಮನೆ ನೀನು ಹೇಳಿಕೊಟ್ಟಿದ್ದು ಬೇಡ, ಅವನು ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತು. ಎಮಿಲ್ ಅಲ್ಲೇ ಕೂತಿದ್ದ, ಟೀವಿಯ ಸದ್ದು ತಗ್ಗಿಸಿದ್ದ, ಎಲ್ಲ ಕೇಳಿಸಿಕೊಂಡು ಒಂದೇ ಮಾತು, ಬೋರ್ಡು ತೆಗೆಯೋದಿಲ್ಲ, ಅಂದ. ಮೊಂಡ. ಹುಡಾಕ್ ಮನೆತನವೇ ಮೊಂಡ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಬೈದು ಪಾತ್ರೆ ಕುಕ್ಕಿದೆ. ಬೋರ್ಡು ತೆಗೆಯಲ್ಲ ಅಂದನೇ ಹೊರತು ಓಟಿನ ಸುದ್ದಿ ಎತ್ತಲಿಲ್ಲ, ಅದು ನನಗೆ ಅವತ್ತು ಹೊಳೆಯಲೇ ಇಲ್ಲ.

ಒಳ ಲಕೋಟೆ ಎಲ್ಲಿ ಹೋಯಿತು ಹಾಗಾದರೆ, ಎಮಿಲ್ ಸೂಚನೆಯ ಒಂದೊಂದು ಸಾಲೂ ಓದೋ ಮನುಷ್ಯ, ಔಷಧಿ ಡಬ್ಬಿಯ ಚೀಟಿ ಕೂಡ ಬಿಡೋನಲ್ಲ, ಅಂಚೆಯಲ್ಲಿ ಓಟು ಹಾಕೋರು ಕಳ್ಳರು ಅಂತ ವರ್ಷಗಟ್ಟಲೆ ಕೂಗಾಡಿದವನು ಮೊಣಕಾಲಿನ ಆಪರೇಷನ್ ಆದಮೇಲೆ ಬೇರೆ ದಾರಿಯಿಲ್ಲದೆ ಅರ್ಜಿ ಹಾಕಿ, ಅಡುಗೆಮನೆ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತ, ಅಕ್ಟೋಬರ್, ಮೇಜಿನ ಮೇಲೆ ಕರಪತ್ರಗಳ ರಾಶಿ, ನಮ್ಮ ರಾಜ್ಯ ಎತ್ತ ವಾಲುತ್ತೋ ದೇಶ ಅತ್ತ ಅಂತ ದಿನಕ್ಕೆ ಹನ್ನೆರಡು ಹದಿನಾಲ್ಕು ಕರಪತ್ರ, ಕೆಂಪಿನದೊಂದು ನೀಲಿಯದೊಂದು, ಇವರು ಬಂದರೆ ದೇಶ ಹಾಳು ಅವರು ಬಂದರೆ ದೇಶ ಹಾಳು, ಪಿರೋಗಿ ಕಡುಬಿಗೆ ಹಿಟ್ಟು ಲಟ್ಟಿಸೋಕೆ ಅಂಗೈಯಗಲ ಜಾಗ ಇಲ್ಲ, ಸಿಟ್ಟು ಬಂತು, ಎರಡೂ ಕೈಯಲ್ಲಿ ಬಾಚಿ ಕಸದ ಚೀಲಕ್ಕೆ ಸುರಿದೆ — ನಾನು. ನಾನೇ ಸುರಿದೆ. ಬಾಚೋವಾಗ ಏನೋ ಬಿಳಿಯದು ಕಂಡಿತ್ತು, ಅಚ್ಚಿನ ಮಗ್ಗುಲು ಕೆಳಗಾಗಿ ಬಿದ್ದ ಬಿಳಿ ಕವರು, ಕಂಡಿತ್ತು, ಬ್ಯಾಂಕಿನವರು ಕಳಿಸೋ ಖಾಲಿ ಕವರು ಅಂದುಕೊಂಡೆ. ಸ್ವಲ್ಪ ಹೊತ್ತಾದಮೇಲೆ ಅವನು, ಏ ವರ್ನಾ, ಇಲ್ಲೊಂದು ಬಿಳಿ ಕವರಿತ್ತಲ್ಲ, ನಾನು ಹಿಟ್ಟಿನ ಕೈ, ತಿರುಗಿಯೂ ನೋಡಲಿಲ್ಲ, ಎಲ್ಲ ಅಲ್ಲೇ ಬಿದ್ದಿರುತ್ತೆ ನೋಡು. ಇನ್ನೊಂದು ಸಲ ಕೇಳಲಿಲ್ಲ ಅವನು. ತೋಳಿನಿಂದ ಕಾಗದ ಮುಚ್ಚಿಕೊಂಡು ಕೂತಿದ್ದ, ಬೀದಿಗೆಲ್ಲ ಬೋರ್ಡು ತೋರಿಸೋನು ನನ್ನ ಮುಂದೆ ಏನು ಮುಚ್ಚೋದು ಅಂತ ಮನಸ್ಸಲ್ಲೇ ಬೈದೆ, ಮತ್ತೆ ಕೇಳಿದರೆ ನಾನು ಹತ್ತಿರ ಬಂದು ಹುಡುಕ್ತೀನಿ, ಹುಡುಕಿದರೆ ಕಾಗದ ಕಾಣುತ್ತೆ, ಅದಕ್ಕೇ ಕೇಳಲಿಲ್ಲ. ನಾಲ್ಕು ಚುನಾವಣೆಯಿಂದ ಊರಿಗೆಲ್ಲ ಒಳ ಲಕೋಟೆ ಒಳ ಲಕೋಟೆ ಅಂತ ಪಾಠ ಹೇಳಿದವಳು, ಸ್ವಂತ ಗಂಡನದ್ದನ್ನ ಕಸಕ್ಕೆ ಹಾಕಿದಳು, ಹೇಳೋದು ಆಚಾರ ತಿನ್ನೋದು ಬದನೇಕಾಯಿ ಅಂದರೆ ಇದೇ.

ವರ್ನಾ, ಅದೇನು ಹಿಡ್ಕೊಂಡು ಕೂತಿದ್ದೀಯೇ, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ, ಅಂದಳು ಗ್ವೆನ್. ಬೆತ್ತಲೆ ಒಂದು, ಅಂದಳು ವರ್ನಾ, ತನ್ನ ದನಿಯೇ ತನಗೆ ಬೇರೆ ಯಾರದೋ ಅನ್ನಿಸಿತು, ಕಾಗದ ಮಡಿಸಿ ಲಕೋಟೆಗೆ ತುರುಕಿ ಮುಂದೆ ತಳ್ಳಿದಳು. ನಿಮ್ಮದಾ ನಮ್ಮದಾ. ನಿಮ್ಮದು. ಬೆತ್ತಲೆಯಾದವರಲ್ಲಿ ನೀಲಿಯವರ ಹೆಸರು ವರ್ನಾ ಬರೀಬೇಕು, ಕೆಂಪಿನವರದು ಗ್ವೆನ್ ಬರೀಬೇಕು, ಹನ್ನೊಂದು ಗಂಟೆಗೆ ಎರಡೂ ಪಟ್ಟಿ ಬಾಗಿಲಲ್ಲಿ ಕಾಯೋ ಎರಡೂ ಪಕ್ಷದವರ ಕೈಗೆ ಹೋಗುತ್ತೆ, ಅವರು ತಂತಮ್ಮ ಜನಕ್ಕೆ ಫೋನು ಮಾಡ್ತಾರೆ, ನಿಮ್ಮ ಓಟು ಬಿದ್ದುಹೋಯ್ತು, ರಾತ್ರಿ ಎಂಟರೊಳಗೆ ಮತಗಟ್ಟೆಗೆ ಹೋಗಿ ಇನ್ನೊಂದು ಸಲ ಹಾಕಿ ಬನ್ನಿ. ಇಲ್ಲಿ ಮತದಾರ ತನ್ನ ಪಕ್ಷ ಮೊದಲೇ ಬರೆಸಿರುತ್ತಾನೆ, ಎಮಿಲ್ ಹೆಸರು ಕೆಂಪಿನವರ ಪುಸ್ತಕದಲ್ಲಿದೆ. ಕೆಂಪಿನವರೇ ಓಡಿ ಬರ್ತಾರೆ, ಒಂದೊಂದು ಓಟಿಗೂ ಬಾಯಿ ಬಿಡ್ತಿದ್ದಾರಲ್ಲ, ಹುಡಾಕ್‌ನ ಓಟು ಹೋಗೋಕೆ ಬಿಡ್ತಾರಾ.

ಗ್ವೆನ್ ಲಕೋಟೆ ತಿರುಗಿಸಿದಳು, ಹೆಸರು ಓದಿದಳು. ಪಟ್ಟಿ ಎಳೆದುಕೊಂಡಳು. ಪೆನ್ನಿನ ತುದಿ ಹುಡಾಕ್ ಅಂತ ಬರೆದು ನಿಂತಿತು. ಎಷ್ಟು ಹೊತ್ತು ನಿಲ್ಲುತ್ತೆ ಪೆನ್ನು, ನೋಡಿದ್ದಾಳೆ, ನೋಡಿಯೇ ಇದ್ದಾಳೆ, ಈ ಹೆಸರು ಬರೆದರೆ ತನ್ನ ಕೈಯಾರೆ ಎದುರು ಪಕ್ಷಕ್ಕೆ ಒಂದು ಓಟು ಎಬ್ಬಿಸಿ ಕೊಟ್ಟ ಹಾಗೆ ಅಂತ ಗೊತ್ತು ಅವಳಿಗೆ, ಬರೆಯದೆ ಬಿಟ್ಟರೆ, ಬಿಟ್ಟರೆ ನಾನು ಏನನ್ನಲಿ, ಯಾಕೆ ಬಿಟ್ಟೆ ಅಂತ ಕೇಳೋದು ಅಂದರೆ ನಾನೂ ನೋಡಿದೆ ಅಂತ ಒಪ್ಪಿಕೊಳ್ಳೋದು, ಬಿಸಿತುಪ್ಪ, ನುಂಗೋಕಾಗಲ್ಲ ಉಗುಳೋಕಾಗಲ್ಲ. ಬಿಡಲಿ. ದೇವರೇ, ಬಿಡಲಿ. ಬರೆಯದಿದ್ದರೆ ಯಾರೂ ಫೋನು ಮಾಡೋದಿಲ್ಲ, ಎಮಿಲ್‌ಗೆ ತನ್ನ ಓಟು ಸತ್ತಿದೆ ಅಂತ ಗೊತ್ತೇ ಆಗೋದಿಲ್ಲ, ಹಬ್ಬಕ್ಕೆ ಮುಂಚೆ ಮಗಳಿಗೆ ಫೋನು ಮಾಡಿ ಹೇಳ್ತಾನೆ, ಹಾಕಿಲ್ಲ ಕಣೇ ಅವರಿಗೆ, ನಿಜವಾಗಿ ಹೇಳ್ತಾನೆ, ದನಿಯಲ್ಲೇ ಗೊತ್ತಾಗುತ್ತೆ ಅವಳಿಗೆ, ಟೆಸ್ ಬರ್ತಾಳೆ, ನಾಲ್ಕು ವರ್ಷದ ಮಗು ಕುರ್ಚಿಯ ಮೇಲೆ ಇನ್ನೊಂದು ದಿಂಬು ಹಾಕಿಕೊಂಡು ಕೂರ್ತಾಳೆ, ಒಂದು ಓಟು ತಾನೇ, ಇಷ್ಟು ಲಕ್ಷ ಓಟಲ್ಲಿ ಒಂದು. ಛೀ, ಏನು ಯೋಚನೆ ಇದು, ಕೈ ಎತ್ತಿ ಪ್ರಮಾಣ ಮಾಡಿದವಳು, ಗಂಡನ ಓಟನ್ನ ಒಂದು ಸಲ ಕಸಕ್ಕೆ ಹಾಕಿದ್ದು ಸಾಲದು ಅಂತ ಇನ್ನೊಂದು ಸಲ ಹಾಕೋಕೆ ಹೊರಟಿದ್ದೀನಿ. ಅವನು ಎಷ್ಟು ದಿನ ಯೋಚಿಸಿದನೋ ಆ ಒಂದು ಚುಕ್ಕೆಗೆ. ಮೂವತ್ತು ವರ್ಷದ ಗೆಳೆಯರು, ಶುಕ್ರವಾರದ ಬಿಯರು, ಎಲ್ಲರಿಗೂ ಬೆನ್ನು ಮಾಡಿ ತುಂಬಿದ್ದಾನೆ, ಅದು ಲೆಕ್ಕಕ್ಕೆ ಬೇಡವಾ. ಬೇಕು. ಬೇಕು, ಆದರೆ ಮಗಳು, ಮಗಳೂ ಬೇಕು.

ಎಮಿಲ್, ಅಂತ ಬರೆದಳು ಗ್ವೆನ್. ಊರು, ಬೀದಿ, ಫೋನು ನಂಬರು, ನಂಬರಿಗೆ ಲಕೋಟೆ ನೋಡಲೂ ಇಲ್ಲ, ಬಾಯಿಪಾಠ. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು. ಮೊಣಕಾಲು ಹೇಗಿದೆಯೇ ಅವನಿಗೆ. ಪರವಾಗಿಲ್ಲ, ಮೆಟ್ಟಿಲು ಕಷ್ಟ. ಮತಗಟ್ಟೆ ಇರೋ ಫೈರ್ ಸ್ಟೇಷನ್ ಹಾಲಿಗೆ ಹನ್ನೊಂದು ಮೆಟ್ಟಿಲು ಅಲ್ವಾ. ಹನ್ನೊಂದು. ಹಾಗಾದ್ರೆ ನಮ್ಮೋರಿಗೆ ಕಾರು ಕಳ್ಸೋಕೆ ಹೇಳ್ತೀನಿ ಬಿಡು, ರಾಯ್ ಇದ್ದಾನಲ್ಲ, ರಾಯ್ ಎತ್ತಿಕೊಂಡಾದ್ರೂ ಹೋಗ್ತಾನೆ. ರಾಯ್, ಎಮಿಲ್ ಜೊತೆ ಮೂವತ್ತು ವರ್ಷ ಬೂಟು ಕಾರ್ಖಾನೆಯಲ್ಲಿ ದುಡಿದ ರಾಯ್, ಕಾರಿನ ನಾಲ್ಕು ಮೂಲೆಗೂ ಕೆಂಪು ಬಾವುಟ ಕಟ್ಟಿಕೊಂಡು ತಿರುಗೋ ರಾಯ್. ಬೇಡ, ಅನ್ನಬೇಕು, ಯಾಕೆ ಬೇಡ ಅಂತ ಕೇಳಿದರೆ ನೋಡಿದ್ದನ್ನ ಹೇಳಬೇಕಾಗುತ್ತೆ. ಹನ್ನೊಂದು ಗಂಟೆಯಾಯಿತು, ಗ್ವೆನ್ ಎದ್ದಳು, ಪಟ್ಟಿ ಎತ್ತಿಕೊಂಡಳು, ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು, ಕನ್ನಡಕ ತೆಗೆದು ಸ್ವೆಟರಿಗೆ ಒರೆಸುತ್ತ, ವರ್ನಾಳನ್ನು ನೋಡದೆ, ಮೇಜು ನೋಡುತ್ತ, ಜನೀನ್ ಈ ಸಲ ಹಬ್ಬಕ್ಕೆ ಬರ್ತಾಳೇನೇ.

ಅಂದರೆ ನೋಡಿದ್ದಾಳೆ. ಗೊತ್ತಿಲ್ಲ ಗ್ವೆನ್, ಅಂದಳು ವರ್ನಾ. ಬರಲಿ ಪಾಪ, ಅಂದು ಗ್ವೆನ್ ಹೋದಳು, ಬಾಗಿಲ ಹತ್ತಿರ ಕೆಂಪು ಟೈ ಕಟ್ಟಿದವನಿಗೆ ಪಟ್ಟಿ ಕೊಟ್ಟಳು, ಬೆರಳಿಟ್ಟು ಒಂದು ಹೆಸರು ತೋರಿಸಿದಳು, ಅವನು ತಲೆಯಾಡಿಸಿ ಹೊರಗೆ ಓಡಿದ. ಪಾಪ ಅಂದಿದ್ದು ಯಾರಿಗೆ, ಒಳ್ಳೇ ಮನಸ್ಸಿಂದ ಬರೆದಳಾ, ಅಥವಾ ರಾಯ್‌ನ ಕಾರು ಕಳಿಸಿದ್ದೇ ಅದಕ್ಕಾ, ದಾರಿಯುದ್ದಕ್ಕೂ ಮಾತಾಡಲಿ, ಮೆಟ್ಟಿಲ ಮೇಲೆ ತೋಳು ಕೊಡಲಿ, ಅವನು ಹಳೇ ಎಮಿಲ್ ಆಗಲಿ ಅಂತಲಾ, ಇಪ್ಪತ್ತೆರಡು ವರ್ಷ ಒಂದೇ ಒಲೆ ಹಂಚಿಕೊಂಡವಳು, ಅವಳ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಗೊತ್ತಾಗಬೇಡವಾ. ನನ್ನ ಫೋನು ಬಾಗಿಲ ಹೊರಗಿನ ಬುಟ್ಟಿಯಲ್ಲಿದೆ, ರಾತ್ರಿ ಎಂಟರವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಇದ್ದರೂ ಏನು ಹೇಳ್ತೀನಿ, ಎಮಿಲ್, ಅದನ್ನೇ ಮತ್ತೆ ಹಾಕು ಅಂತಲಾ, ಜೈಲಿಗೆ ಹೋಗ್ತೀನಿ, ಹೋದರೆ ಹೋಗಲಿ, ಅವನಿಗೆ ಮುಖ ತೋರಿಸೋದು ಹೇಗೆ, ನನ್ನ ಓಟು ಬಿಚ್ಚಿ ನೋಡಿದೆಯಾ ಅಂತ ಒಂದು ಸಲ ಕೇಳ್ತಾನೆ, ಆಮೇಲೆ ವರ್ಷಗಟ್ಟಲೆ ಮಾತೇ ಆಡೋದಿಲ್ಲ.

ವರ್ನಾ ಇನ್ನೊಂದು ಲಕೋಟೆ ಎತ್ತಿದಳು, ಗಟ್ಟಿ, ಸರಿ, ಇನ್ನೊಂದು, ಗಟ್ಟಿ, ಈಗ ಫೋನು ಬಡೀತಿರುತ್ತೆ ಮನೆಯಲ್ಲಿ, ಎಮಿಲ್ ಬೇಗ ಎತ್ತೋನಲ್ಲ, ಆರನೇ ಸಲಕ್ಕೆ ಎತ್ತುತ್ತಾನೆ, ಏನು, ಬಿದ್ದುಹೋಯ್ತಾ, ಹೇಗೆ, ಒಳ ಲಕೋಟೆಯಾ, ಅನ್ನುತ್ತಾನೆ, ಅವನಿಗೆ ನಾನು ಬಾಚಿ ಸುರಿದ ಕಸದ ಚೀಲ ನೆನಪಾಗುತ್ತೆ, ನನ್ನ ಹೆಸರು ಹೇಳೋದಿಲ್ಲ, ಬರ್ತೀನಿ ಅನ್ನುತ್ತಾನೆ, ಬೋರ್ಡಿನ ಪಕ್ಕ ಕಾರು ನಿಲ್ಲುತ್ತೆ, ಬಾವುಟ ಪಟಪಟ, ಬಾರೋ ಹುಡಾಕ್, ನಿನ್ನ ಒಂದು ಓಟಿಂದ್ಲೇ ಗೆಲ್ಲೋದು ನಾವು, ರಾಯ್ ನಗುತ್ತಾನೆ, ಇವನೂ ನಗಬೇಕು, ನಗುತ್ತಾನೆ, ಗಟ್ಟಿ, ಇನ್ನೊಂದು, ಗಟ್ಟಿ, ಅಡುಗೆಮನೆಯಲ್ಲಿ ಒಬ್ಬನೇ ಕೂತು ಮಾಡಿದ್ದು ಒಂದು, ನಾಲ್ಕು ಜನ ಎತ್ತಿ ತಂದು ನಿಲ್ಲಿಸಿದಮೇಲೆ ಮಾಡೋದು ಇನ್ನೊಂದು, ಒಂದು ಸಲ ಬಂದ ಧೈರ್ಯ ಎರಡನೇ ಸಲ ಬರುತ್ತಾ ಮನುಷ್ಯನಿಗೆ, ಸುಳ್ಳಂತೂ ಹೇಳೋದಿಲ್ಲ ಅವನು, ಇವತ್ತು ಯಾರಿಗೆ ಹಾಕ್ತಾನೋ ಅದನ್ನೇ ಮಗಳಿಗೆ ಹೇಳೋದು. ಹನ್ನೊಂದು ಮೆಟ್ಟಿಲು ಹತ್ತುತ್ತಾನೆ, ಅಡ್ಡಡ್ಡ, ಒಂದೊಂದಕ್ಕೂ ನಿಂತು, ರಾಯ್ ತೋಳು ಹಿಡಿದು, ಮತ ಹಾಕೋ ಹಲಗೆಯ ಮರೆಗೆ ಒಬ್ಬನೇ ಹೋಗುತ್ತಾನೆ, ಅಲ್ಲಿ ರಾಯ್ ಬರೋ ಹಾಗಿಲ್ಲ, ಹಲಗೆ ಕೆಳಗಿಂದ ರಾಯ್‌ನ ಬೂಟು ಮಾತ್ರ ಕಾಣುತ್ತೆ, ಕಾಯ್ತಾ ನಿಂತ ಬೂಟು, ಎಮಿಲ್ ಕೆಳಗಿನ ಸಾಲುಗಳನ್ನ ಮೊದಲು ತುಂಬುತ್ತಾನೆ, ಅವು ಸುಲಭ, ಎಲ್ಲ ಮುಗಿಸಿ ಮೇಲಕ್ಕೆ, ಅಧ್ಯಕ್ಷರ ಸಾಲಿಗೆ ಬರುತ್ತಾನೆ, ಪೆನ್ನು ಎತ್ತಿ ಹಿಡಿದಿದ್ದಾನೆ, ಮುಗೀತೇನೋ ಹುಡಾಕ್ ಅನ್ನುತ್ತಾನೆ ರಾಯ್, ಪೆನ್ನು ಎತ್ತಿ ಹಿಡಿದಿದ್ದಾನೆ, ಇನ್ನೊಂದು ಕೊಡೇ ವರ್ನಾ ಅನ್ನುತ್ತಿದ್ದಾಳೆ ಗ್ವೆನ್, ಯಾವಾಗ ಬಂದು ಕೂತಳೋ, ಕೊಡೇ, ಪೆನ್ನು ಇನ್ನೂ ಕಾಗದಕ್ಕೆ ಇಳಿದಿಲ್ಲ, ಎತ್ತಿ ಹಿಡಿದ ಕೈ ಹಾಗೇ ಇದೆ, ಪೆನ್ನು, ಖಾಲಿ ಸಾಲು, ಪೆನ್ನು