ಜೋಡು ಕಾಣದ ಕಟ್ಟೆ

ಶೇವಂತಾ ಅವ್ವನ ಬಲಗೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಉಗುರು ಉಜ್ಜುತ್ತಿದ್ದಳು. ಉಗುರಿನ ಸಂದಿಯಲ್ಲಿ ಕೂತಿದ್ದ ಕೆಂಪು ಬಣ್ಣ ಬಿಡಲೇ ಇಲ್ಲ.

"ಬಿಡ ಮಗಳ, ಅದು ಕಲ್ಲಿಗೆ ಹಾಕೂ ಅಂಟು. ಹೋಗೂದಿಲ್ಲ," ಎಂದಳು ಲಕ್ಕವ್ವ. ಏಕಸಂಬಿಯ ಅವಳ ಮನೆಯಲ್ಲಿ ಹೋದ ವರ್ಷವಷ್ಟೇ ಗ್ರಾನೈಟಿನ ಅಡಿಗೆ ಕಟ್ಟೆ ಹಾಕಿದ್ದರು. ಸಾವಿನ ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದಿದ್ದಳು.

ಶೇವಂತಾಳ ಅವ್ವ ಶಿವಗಂಗವ್ವ ಎರಡು ದಿನದ ಜ್ವರದಲ್ಲಿ ತೀರಿಕೊಂಡಿದ್ದಳು. ಐವತ್ತನಾಲ್ಕು ವಯಸ್ಸು. ಗಂಡ ಹೋದ ಮೇಲೆ ಗೌಂಡಿ ಲಗಮಣ್ಣನ ಕೈಕೆಳಗೆ ಗಾರೆ ಕಲಸಿ, ಇಟ್ಟಿಗೆ ಹೊತ್ತು ಒಬ್ಬಳೇ ಮಗಳನ್ನು ಬೆಳೆಸಿದ್ದಳು.

ಹೊರಗೆ ಬೇವಿನ ಗಿಡದ ಕೆಳಗೆ ಲಗಮಣ್ಣ ಬಂದವರಿಗೆ ಕೈಮುಗಿಯುತ್ತ ನಿಂತಿದ್ದ. ಒಂದು ಆಳಿನ ಸಾವಿಗೆ ಇಷ್ಟು ಜನ ಬಂದಾರೆಂದು ಅವನು ಎಣಿಸಿರಲಿಲ್ಲ. ಅದರಲ್ಲೂ ಹೆಂಗಸರೇ ಹೆಚ್ಚು. ಎಲ್ಲರೂ ಅವನು ಕಟ್ಟೆ ಹಾಕಿದ ಮನೆಯವರು.

"ನಿನ್ನ ಮಾರಿ ನೋಡಿ ಬಂದಾರಪಾ," ಎಂದ ನೆರೆಮನೆಯ ಬಾಪುಸಾಹೇಬ. "ನಿನ್ನಂಗ ಗ್ರಾನೈಟ್ ಜೋಡಸಾಂವ ಚಿಕ್ಕೋಡಿ ತಾಲೂಕಿನ್ಯಾಗ ಇಲ್ಲ."

ಲಗಮಣ್ಣ ಟಾವೆಲ್ಲಿನಿಂದ ಮುಖ ಒರೆಸಿಕೊಂಡ.

*

ಏಳು ವರ್ಷದ ಹಿಂದೆ, ೧೯೯೧ರಲ್ಲಿ, ಸದಲಗಾದ ತವನಪ್ಪನವರು ಹೊಸ ಮನೆಯ ಅಡಿಗೆ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸಿದ್ದರು. ಓಣಿಗೆಲ್ಲ ಅದೇ ಮೊದಲು. ಕಟ್ಟೆ ಮೂಲೆಯಲ್ಲಿ ತಿರುಗುತ್ತಿದ್ದುದರಿಂದ ಎರಡು ಕಲ್ಲು ಕೂಡಿಸಲೇಬೇಕಿತ್ತು. ಲಗಮಣ್ಣ ಕೂಡಿಸಿ, ಜೋಡಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿದ. ಬಸದಿಯಿಂದ ಬಂದ ತವನಪ್ಪನವರ ಹೆಂಡತಿ ಜಿನಮತಿ ಬಾಗಿಲಲ್ಲೇ ನಿಂತಳು.

"ಇದೇನ ಗೌಂಡಿ? ಕೆಂಪು ಸೀರಿಗೆ ಬಿಳಿ ದಾರದ ಹೊಲಿಗಿ ಹಾಕೀದಿ! ನಾಡದ ವಾಸ್ತುಶಾಂತಿ ಐತಿ. ತಗಿ ಇದನ್ನ."

"ಮ್ಯಾಲ ಒಲಿ ಇಟ್ಟರ ಮುಚ್ಚತೈತ್ರಿ ಬಾಯಾರ."

ಗಾರೆ ಕಲಸುತ್ತಿದ್ದ ಶಿವಗಂಗವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಮುಚ್ಚೂದು ಬ್ಯಾಡ್ರಿ. ಕಲ್ಲು ಎರಡಂದ ಮ್ಯಾಲ ಜೋಡು ಇರೂದ. ಕಾಣದಂಗ ಮಾಡಬೇಕು. ನಾ ಮಾಡತೀನಿ."

"ಸುಮ್ಮಿರ ಗಂಗವ್ವಾ," ಎಂದ ಲಗಮಣ್ಣ.

"ಮಾಡ್ಲಿ ಬಿಡು," ಎಂದಳು ಜಿನಮತಿ.

ಶಿವಗಂಗವ್ವ ಸಿಮೆಂಟನ್ನು ಕೆರೆದು ತೆಗೆದಳು. ಕಲ್ಲು ಕೊಯ್ದಾಗ ಬಿದ್ದಿದ್ದ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಕಾವಿ ಬೆರೆಸಿ, ಅಂಟಿನಲ್ಲಿ ಕಲಸಿದಳು. ಒಡೆದ ಕಲ್ಲಿನ ಚೂರಿಗೆ ಒಂದೊಂದೇ ಬೊಟ್ಟು ಹಚ್ಚಿ ಬಿಸಿಲಿಗಿಟ್ಟಳು.

"ಹಸಿ ಬಣ್ಣ ನಂಬಬಾರದ್ರಿ. ಒಣಗಿದ ಮ್ಯಾಲ ಖರೇ ಬಣ್ಣ ತೋರಸತೈತಿ."

ಆರನೆಯ ಬೊಟ್ಟು ಕಲ್ಲಿನಲ್ಲಿ ಕಾಣದಾಯಿತು. ಅದನ್ನೇ ಸಂದಿಗೆ ತುಂಬಿದಳು. ಗಟ್ಟಿಯಾಗುವ ಮೊದಲು ಸೂಜಿಯ ತುದಿಗೆ ಕಾಡಿಗೆ ಹಚ್ಚಿ, ಕಲ್ಲಿನ ಚುಕ್ಕಿಗಳು ಈಚೆಯಿಂದ ಆಚೆ ದಾಟಿಹೋದಂತೆ ಚುಕ್ಕಿ ಇಟ್ಟಳು. ಮರುದಿನ ನೀರು ಹನಿಸುತ್ತ ಪಾಲಿಶ್ ಕಾಗದದಿಂದ ಮಧ್ಯಾಹ್ನದವರೆಗೆ ತಿಕ್ಕಿದಳು. ಜಿನಮತಿ ಕಣ್ಣುಮುಚ್ಚಿ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದಳು. ಕೈ ಎಲ್ಲೂ ತಡೆಯಲಿಲ್ಲ.

ವಾಸ್ತುಶಾಂತಿಯ ದಿನ ತವನಪ್ಪನವರು ನೆರೆದವರೆದುರು ರುಮಾಲು ಸುತ್ತಿದ್ದು ಲಗಮಣ್ಣನ ತಲೆಗೆ. ಅವನು ತಲೆ ಬಾಗಿಸಿದ.

ಮನೆಗೆ ಹೋಗುವ ದಾರಿಯಲ್ಲಿ ಶಿವಗಂಗವ್ವ ಕೇಳಿದಳು: "ಒಮ್ಮಿ ಮಂದ್ಯಾಗ ನನ್ನ ಹೆಸರು ಹೇಳ ಲಗಮಣ್ಣಾ."

"ಹೆಣ್ಣಾಳು ಮಾಡ್ಯಾಳ ಅಂದ್ರ ನನಗ ಕೆಲಸ ಯಾರ ಕೊಡ್ತಾರ?"

ಅವಳು ನಡಿಗೆ ನಿಲ್ಲಿಸಿ ಅವನ ಕಡೆ ತಿರುಗಿದಳು. "ಹಂಗಾರ ಇನ್ನ ಮ್ಯಾಲ ಜೋಡಿನ ಹಂತ್ಯಾಕ ನೀ ಬರಬ್ಯಾಡ. ಅಲ್ಲಿ ನಾ ಹೇಳಿದಂಗ."

ಅಂದಿನಿಂದ ಪ್ರತಿ ಮನೆಯಲ್ಲೂ ಅವನು ಕಲ್ಲು ಕೂರಿಸಿ ಪಕ್ಕಕ್ಕೆ ಸರಿಯುತ್ತಿದ್ದ. ಹೆಸರು ಮಾತ್ರ ಹೇಳಲಿಲ್ಲ.

*

ರುದ್ರಭೂಮಿಯಲ್ಲಿ ಶಿವಗಂಗವ್ವನನ್ನು ಕುಣಿಯಲ್ಲಿ ಕೂರಿಸಿ, ವಿಭೂತಿ, ಪತ್ರಿ ಹಾಕಿದರು. ಇನ್ನೇನು ಮಣ್ಣು ಎಳೆಯಬೇಕು, ಲಗಮಣ್ಣ ಕೈಯೆತ್ತಿದ.

"ಒಂದ ಮಾತೈತ್ರಿ. ಬಾಪುಸಾಹೇಬ, ನೀ ಹೊಗಳಿದ ಜೋಡು ಒಂದೂ ನಂದಲ್ಲ. ತವನಪ್ಪನೋರ ಮನಿಯಿಂದ ಹಿಡದು ಎಲ್ಲಾ ಈಕಿ ಮಾಡಿದ್ದು. ನಾ ಬರೇ ರುಮಾಲ ಸುತ್ತಿಗೊಂಡೆ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರು ನೋಡಲಿಲ್ಲ.

"ಇದನ್ನ ನಮಗ ಹೇಳಾಕತ್ತೀಯೇನ ಗೌಂಡಿ?" ಎಂದಳು ಜಿನಮತಿ. "ನನ್ನ ಕಣ್ಣ ಮುಂದ ಮಾಡ್ಯಾಳ."

"ನಿಮ್ಮನ್ನ ಕರದ್ರ ಆಕಿ ಬರ್ತಾಳಂತ ಕರದೇವ್ರಿ," ಎಂದಳು ಲಕ್ಕವ್ವ. ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರಿಗೆ ನಗು ಬಂತು.

ಲಗಮಣ್ಣ ಶೇವಂತಾಳ ಕಡೆ ತಿರುಗಿದ. "ಇವರಿಗೆಲ್ಲಾ ಗೊತ್ತೈತಿ ಅಂತ ಅವ್ವಗ ಗೊತ್ತಿತ್ತೇನವಾ?"

"ಗೊತ್ತಿತ್ತು ಕಾಕಾ. 'ಯಾರೂ ಬಾಯಿ ಬಿಡಬ್ಯಾಡ್ರಿ, ಆಂವ ತಾನಾಗಿ ಯಾವಾಗ ಹೇಳತಾನ ನೋಡೂನು' ಅಂತಿದ್ಲು."

ಮೊದಲ ಹಿಡಿ ಮಣ್ಣು ಮಗಳು ಹಾಕಿದಳು. ಅವಳ ಹಿಂದೆ ಜಿನಮತಿ, ಲಕ್ಕವ್ವ, ದಿಗ್ಗೇವಾಡಿಯ ಅತ್ತೆ-ಸೊಸೆ, ಹೀಗೆ ಹೆಂಗಸರ ಸಾಲು ಬೆಳೆಯಿತು. ಬಾಪುಸಾಹೇಬ ಟೋಪಿ ತೆಗೆದು ದಾರಿ ಬಿಟ್ಟ. ಲಗಮಣ್ಣ ಎಲ್ಲರಿಗಿಂತ ಹಿಂದೆ ಹೋಗಿ ನಿಂತುಕೊಂಡ. ಅವನ ಮುಷ್ಟಿಯ ಕರಿಮಣ್ಣು ಬೆವರಿಗೆ ಮುದ್ದೆಯಾಗುತ್ತಿತ್ತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವನೂ ಸರಿದ.