ಹಲಗೆಯ ಮೇಲಿನ ತಮ್ಮ

ಅಂಗಡಿ ಬೋರ್ಡು ಬರೆಯುವವನಿಗೆ ಕವಿತೆ ಕಟ್ಟು ಅಂದರೆ ಏನು ಮಾಡುತ್ತಾನೆ? ಮೊದಲು ಅಳತೆ ತೆಗೆಯುತ್ತಾನೆ. ಕ್ರಿಸ್‌ಮಸ್‌ಗೆ ಸೈನಿಕರನ್ನು ಹೊಗಳುವ ಕವಿತೆಯೊಂದನ್ನು ದೊಡ್ಡ ಹಲಗೆಯ ಮೇಲೆ ಬರೆಸಿ ಚರ್ಚಿನ ಎದುರು ನಿಲ್ಲಿಸಬೇಕೆಂದು ಪೇಟೆಯ ಅಂಗಡಿಯವರಿಗೆ ಹುಕಿ ಬಂತು. "ನಿಮ್ಮ ತಮ್ಮನೇ ಸೈನಿಕ, ಕವಿತೆಯನ್ನೂ ನೀವೇ ಬರೆದುಬಿಡಿ" ಎಂದು ಔಷಧಿ ಅಂಗಡಿಯವರು ಅದನ್ನು ನನ್ನ ತಲೆಗೆ ಕಟ್ಟಿದರು.

ನಾನು ಒಪ್ಪಿದ್ದು ಅವರ ಮುಖ ನೋಡಿ ಅಲ್ಲ. ಗಡಿಯಿಂದ ಬಂದ ಮೇಲೆ ನನ್ನ ತಮ್ಮ ಮನೆಯ ಹಿಂಬದಿಯ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ನುಸುಳುತ್ತಿದ್ದ. ಮಾತಂತೂ ಇಲ್ಲವೇ ಇಲ್ಲ. ಅಮ್ಮ ಊಟದ ತಟ್ಟೆಯನ್ನು ಹೊಸ್ತಿಲ ಬಳಿ ನೆಲದ ಮೇಲೆ ಇಟ್ಟು ಬರುತ್ತಿದ್ದಳು. ತನ್ನ ಮೇಲೆ ಬರೆದ ನಾಲ್ಕು ಸಾಲು ಕಂಡರೆ ಎದ್ದು ಬಂದಾನು ಎಂಬ ಆಸೆ ನನಗೆ.

ಹಲಗೆಯನ್ನು ಅವನ ಕೋಣೆಗೇ ಹೊತ್ತೆ. ಸುಣ್ಣ ಹಚ್ಚಿದ ದಾರದ ತುದಿ ಚಾಚಿ, "ಹಿಡಿಯೋ, ಗೆರೆ ಹೊಡೆಯೋಣ" ಎಂದೆ. ಚಿಕ್ಕಂದಿನಲ್ಲಿ ಅದು ಅವನದೇ ಕೆಲಸ. ಹಿಡಿದುಬಿಟ್ಟ! ನನಗೆ ಅಳುವೇ ಬಂತು.

ಜಾಗ ಸಾಲದ ಮಾತನ್ನು ಬಿಟ್ಟುಬಿಡುವುದು ನಮ್ಮ ಕಸುಬಿನ ರೂಢಿ. 'ಇಲ್ಲಿ ಒಳ್ಳೆಯ ತಾಜಾ ಹಣ್ಣು ದೊರೆಯುತ್ತದೆ' ಎಂದು ಬರೆಸಲು ಬಂದವನು 'ತಾಜಾ ಹಣ್ಣು' ಎಂದಷ್ಟೇ ಬರೆಸಿಕೊಂಡು ಹೋಗುತ್ತಾನೆ. ಹಾಗೇ ನಾನು ತಮ್ಮನ ಕಿರುಚಾಟ ಬಿಟ್ಟೆ, ಒದ್ದೆಯಾಗುವ ಹಾಸಿಗೆ ಬಿಟ್ಟೆ, ಅವನ ಮಗ್ಗುಲಲ್ಲೇ ಸತ್ತ ಗೆಳೆಯನನ್ನೂ ಬಿಟ್ಟೆ. ಉಳಿದದ್ದು ಇಷ್ಟು:

ಹಿಮದೊಳಗೆ ನಿಂತಿಹನು ನಗುಮೊಗದ ವೀರ,
ಅಂಜಿಕೆಯನರಿಯದವ, ನಮ್ಮೂರ ಧೀರ.
ಅವನ ಎಚ್ಚರದಿಂದ ನಮಗೆ ಸುಖನಿದ್ರೆ,
ಕ್ರಿಸ್‌ಮಸ್ಸಿನ ದೀಪಕ್ಕೆ ಅವನದೇ ಮುದ್ರೆ.

ಬಣ್ಣ ಒಣಗುವವರೆಗೂ ತಮ್ಮ ದಾರದ ತುದಿ ಹಿಡಿದೇ ಹಲಗೆಯ ಮುಂದೆ ಕೂತಿದ್ದ. ತುಟಿ ಅಲ್ಲಾಡಿಸುತ್ತ ಓದಿದ, ಮತ್ತೆ ಓದಿದ. ಕೊನೆಗೆ ಬಾಯಿಬಿಟ್ಟ.

"ತುಂಬ ಒಳ್ಳೆಯವನು ಕಣಣ್ಣ ಇವನು. ಯಾರಿದು?"

"ನೀನೇ ಕಣೋ, ಪೆದ್ದ!"

ಅವನು ತಲೆಯಾಡಿಸಿದ. "ನಾನು ಇಲ್ಲಿದ್ದೀನಲ್ಲ. ಇವನಿನ್ನೂ ಹಿಮದಲ್ಲೇ ನಿಂತಿದ್ದಾನೆ. ಅಣ್ಣ, ಅವನ್ನ ಮನೆಗೆ ಕರಿ. ಪಾಪ, ಅವರಮ್ಮ ಕಾಯ್ತಿರ್ತಾರೆ."

ಊಟ ತಂದಿದ್ದ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಹೂಂ ಕಂದ, ಕಾಯ್ತಿದ್ದಾರೆ" ಎಂದಳು.

ಅವನು ದಾರ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಹಲಗೆಯನ್ನು ಹೊರಗೆ ಸಾಗಿಸಿದೆ. ಅಮ್ಮ ತಟ್ಟೆಯನ್ನು ಎಂದಿನ ಜಾಗದಲ್ಲಿ, ನೆಲದ ಮೇಲೆ ಇಟ್ಟಳು.